95 ಅಂದ್ರೆ ಏನ್ರೀ ಅರ್ಥ?

ತಪ್ಪಿತು. ಕೈಚಾಚಿದ್ರೆ ಮುಟ್ಟೋಷ್ಟು ಹತ್ತಿರ ನಿಂತು ಹೊಡೆದಿದ್ದು ತಪ್ಪಿತು! ಪರದೆ ಮೇಲೆ, ಗುಂಡು ತಾಗೋ ಸಾಧ್ಯತೆ ಶೇಕಡಾ 95 ಅಂತ ಇತ್ತು. ಕಣ್ಣುಜ್ಜಿಕೊಂಡು ನೋಡಿ ಆಮೇಲೇನೇ ಒತ್ತಿದ್ದು. ರಾತ್ರಿ ಒಂದೂವರೆಗೆ ಆಗಿದ್ದು, ಈಗ ಬೆಳಿಗ್ಗೆ ಹನ್ನೊಂದು, ಹೊಟ್ಟೆ ಉರಿ ಇನ್ನೂ ಆರಿಲ್ಲ.

ಎಕ್ಸ್‌ಕಾಮ್ 2. ಭೂಮಿ ಹಿಡಿದ ಅನ್ಯಗ್ರಹದವರ ಮೇಲೆ ಸಿಪಾಯಿಗಳನ್ನ ಬಿಟ್ಟು ಸರದಿ ಪ್ರಕಾರ ಹೋರಾಡೋ ಕಂಪ್ಯೂಟರ್ ಆಟ. ಹೌದು, 2016ರದ್ದು, ಹಳೇದು, ನಾನು ಈಗ ಆಡ್ತೀನಿ, ಏನೀಗ? ಎರಡೂವರೆ ತಿಂಗಳು ಆಡಿ ನಿನ್ನೆ ಮುಗಿಸಿದೆ. ಗೆದ್ದೆ ಕಣ್ರೀ. ಭೂಮಿಗೆ ಬಿಡುಗಡೆ ಸಿಕ್ಕಿತಂತೆ, ಖುಷಿಪಡಬೇಕಂತೆ. ಭೂಮಿ ಕಟ್ಕೊಂಡು ನನಗೇನಾಗಬೇಕು, ಅಜ್ಜಿ ಹೋದ್ರಲ್ಲ.

ಸಿಪಾಯಿಗಳಿಗೆ ಮನೆಯವರ ಹೆಸರಿಟ್ಟಿದ್ದೆ. ದೂರದಿಂದ ಗುರಿ ಇಡೋದು ದೊಡ್ಡಪ್ಪ (ನಿಜದ ದೊಡ್ಡಪ್ಪನಿಗೆ ಬಸ್ಸಿನ ಬೋರ್ಡ್ ಓದೋಕಾಗಲ್ಲ, ಅದು ಬೇರೆ ಮಾತು). ಡ್ರೋನ್ ಹಾರಿಸೋಳು ಚಿಕ್ಕಮ್ಮ. ಎಲ್ಲರಿಗಿಂತ ಮುಂದೆ ಕತ್ತಿ ಹಿಡ್ಕೊಂಡು ನುಗ್ಗೋ ರೇಂಜರ್, ಅದು ಅಜ್ಜಿ. ಮನೇಲಿ ಎಳನೀರು ಕೊಚ್ಚೋ ಮಚ್ಚು ಇವತ್ತಿಗೂ ಅಜ್ಜಿ ಕೈಗೆ ಬಿಟ್ಟು ಇನ್ಯಾರ ಕೈಗೂ ಒಗ್ಗಲ್ಲ, ಅದಕ್ಕೇ. ಆಟದಲ್ಲಿ ಕರ್ನಲ್ ಆಗಿದ್ರು, 61 ಬಲಿ ಹಾಕಿದ್ರು. ಅಂಥೋರನ್ನ ಕೊನೇ ಕೋಣೆಯಲ್ಲಿ, ಗೆಲುವಿಗೆ ಇನ್ನೆರಡು ಸುತ್ತು ಇರೋವಾಗ!

ಎದುರಿಗೆ ಒಂದು ಆರ್ಕಾನ್, ಹಾರಾಡೋ ಅನ್ಯಗ್ರಹದ ಶತ್ರು. ಆಗಲೇ ಅರೆಜೀವ, ಇನ್ನೊಂದು ಏಟು ಬಿದ್ದಿದ್ರೆ ಮುಗೀತಿತ್ತು. ಅಜ್ಜಿ ಹೊಡೆದ್ರು, 95, ತಪ್ಪಿತು. ಗುಂಡು ಹೊಡೆದ್ರೆ ಆ ಸುತ್ತಿಗೆ ಅವರ ಸರದಿ ಖಲಾಸ್, ಬಯಲಲ್ಲಿ ಹಾಗೇ ನಿಂತ್ರು. ದೊಡ್ಡಪ್ಪ ಹೊಡೆದ್ರು, 88, ತಪ್ಪಿತು. ಉಳಿದಿದ್ದು ಚಿಕ್ಕಮ್ಮ ಒಬ್ಬಳೇ, 70. ಅದೂ ತಪ್ಪಿತು. ಆಮೇಲೆ ಆ ಹಾರುಗಂಬ ಅಜ್ಜಿ ತಲೆ ಮೇಲೆ ಇಳೀತು. ಒಂದೇ ಏಟು.

ನಾನು ಕಿರುಚಿಬಿಟ್ಟೆ. "ಅಜ್ಜೀ...!" ಅಂತ. ಕಿವಿಗೆ ಹೆಡ್‌ಫೋನ್ ಇತ್ತು, ಎಷ್ಟು ಜೋರಾಗಿ ಅಂತ ನನಗೆ ಗೊತ್ತಾಗಲಿಲ್ಲ. ನಡುಮನೆ ದೀಪ ಹತ್ತಿಕೊಂಡ್ತು, ಅಮ್ಮ ಬರಿಗಾಲಲ್ಲಿ ಅಜ್ಜಿ ಕೋಣೆಗೆ ಓಡಿದ್ಲು. ಅಜ್ಜಿ ಎದ್ದು ಕೂತು "ಯಾರಿಗೇನಾಯ್ತೇ?" ಅಂತ ಕೇಳ್ತಿದ್ದಾರೆ. ಮೂವತ್ತೆಂಟು ವರ್ಷದ ಕತ್ತೆ ನಾನು ಬನಿಯನ್ನಲ್ಲಿ ಬಾಗಿಲಲ್ಲಿ ನಿಂತು "ಏನಿಲ್ಲ, ಕನಸು" ಅಂದೆ. ಕೈಯಲ್ಲಿ ಮೌಸು.

ಅಷ್ಟೇ ಆಗಿದ್ರೆ ನುಂಗಿಕೊಳ್ತಿದ್ದೆ. ಅಕ್ಕನ ಮಗ ರಜಕ್ಕೆ ಬಂದಿದ್ದಾನೆ, ಪಕ್ಕದಲ್ಲೇ ಕೂತು ಎಲ್ಲಾ ನೋಡ್ತಿದ್ದ. ದ್ವಿತೀಯ ಪಿಯುಸಿ. ನಾನು ಮೇಷ್ಟ್ರು. ಯಾವ ವಿಷಯ ಅಂತ ಕೇಳಬೇಡಿ.

ಸರಿ, ಹೇಳ್ತೀನಿ. ಗಣಿತ.

ಆಟ ಮೋಸ ಮಾಡ್ತಿದೆ ಅಂತ ನಾನು ಹಾರಾಡ್ತಿದ್ರೆ ಅವನು ಕ್ಯಾಲೆಂಡರಿನ ಹಳೇ ಹಾಳೆ ಹರಿದು ಹಿಂಬದಿ ಲೆಕ್ಕ ಹಾಕ್ದ. 0.05 × 0.12 × 0.30, ಅಂದ್ರೆ 0.0018. ಹತ್ತು ಸಾವಿರಕ್ಕೆ 18 ಸಲ. "ನೋಡು, ಇದು ನಡೆಯೋ ಮಾತೇನೋ?" ಅಂದೆ. "ನಡೀತಲ್ಲ ಮಾಮ" ಅಂದ. ಇಡೀ ಆಟದಲ್ಲಿ 95ರ ಗುಂಡು ನೂರು ಹಾರಿಸಿದ್ರೂ ಒಂದೂ ತಪ್ಪದೇ ಇರೋ ಸಾಧ್ಯತೆ ಶೇಕಡಾ 0.6 ಅಷ್ಟೇ ಅಂತ ಅದನ್ನೂ ಕೆಳಗೆ ಬರೆದ. ಲೆಕ್ಕ ಸರಿಯಾಗೇ ಇದೆ. ಸರಿಯಾಗಿರೋದೇ ಸಿಟ್ಟು.

ಒಂದು ವಿಷಯ ಮೇಲೆ ಬಿಟ್ಟುಬಿಟ್ಟೆ. ಚಿಕ್ಕಮ್ಮ ಗುಂಡೇ ಹೊಡೀಬೇಕಾಗಿರಲಿಲ್ಲ. ಅವಳ ಡ್ರೋನ್ ಹಾರಿಹೋಗಿ ಅಜ್ಜಿಗೆ ಮದ್ದು ಹಾಕಿ ಬರ್ತಿತ್ತು. ಅದಕ್ಕೆ ಶೇಕಡಾ ಗಿಕಡಾ ಇಲ್ಲ, ತಪ್ಪೋದೇ ಇಲ್ಲ. ಆ ಏಟು ಬಿದ್ರೂ ಅಜ್ಜಿ ಉಳೀತಿದ್ರು. ಹುಡುಗ ಹೇಳ್ದ ಕೂಡ, "ಮಾಮ, ಡ್ರೋನ್ ಕಳಿಸಿ." ನಾನು ಏನಂದೆ ಗೊತ್ತಾ? "ಸುಮ್ನಿರೋ, ಎರಡು ತಪ್ಪಿದೆ, ಮೂರನೇದು ಬಿದ್ದೇ ಬೀಳುತ್ತೆ."

ಅವನು ಮೆತ್ತಗೆ ಅಂದ: "ಮಾಮ, ಇವು ಸ್ವತಂತ್ರ ಘಟನೆಗಳಲ್ವಾ?"

ಹದಿಮೂರು ವರ್ಷದಿಂದ ಬೋರ್ಡ್ ಮೇಲೆ ಅದನ್ನೇ ಬರೀತಿದೀನಿ. ನಾಣ್ಯಕ್ಕೆ ನೆನಪಿಲ್ಲ ಮಕ್ಕಳೇ, ಹತ್ತು ಸಲ ತಲೆ ಬಿದ್ರೂ ಹನ್ನೊಂದನೇದು ಅರ್ಧಕ್ಕರ್ಧವೇ ಅಂತ. ಹಾಗೆ ಹೇಳಿಕೊಡೋ ನಾನೇ ಓಸಿ ಚೀಟಿ ಬರೆಸೋರ ಥರ "ಈ ಸಲ ಗ್ಯಾರಂಟಿ" ಅಂತ ಒತ್ತಿದೆ.

ಆದ್ರೆ ಪೂರ್ತಿ ನನ್ನ ತಪ್ಪಾ? ಈ ಆಟದ ಕೆಳಗಿನ ಮಟ್ಟಗಳಲ್ಲಿ ನಿಜವಾಗ್ಲೂ ಹಾಗೇ ನಡೆಯುತ್ತೆ! ಸಾಲಾಗಿ ತಪ್ಪಿದ್ರೆ ಮುಂದಿನ ಗುಂಡಿಗೆ ಆಟವೇ ಗುಟ್ಟಾಗಿ ಒಂಚೂರು ಕೂಡಿಸಿ ಕೊಡುತ್ತೆ, ಪರದೆ ಮೇಲೆ ತೋರಿಸಲ್ಲ. ಮೊದಲ ಸಲ ಸುಲಭದ ಮಟ್ಟದಲ್ಲಿ ಆಡಿ ಅದೇ ರುಚಿ ಹತ್ತಿತ್ತು. ಈ ಸಲ ಆಡಿದ್ದು ಎಲ್ಲಕ್ಕಿಂತ ಮೇಲಿನ ಲೆಜೆಂಡ್ ಮಟ್ಟ, ಅಲ್ಲಿ ಆ ದಯೆ ಇಲ್ಲ, ಬರೆದಿದ್ದು ಎಷ್ಟೋ ಅಷ್ಟೇ. ಅಂದ್ರೆ ಸುಳ್ಳು ಹೇಳಿದಾಗ ನ್ಯಾಯ ಅನ್ನಿಸ್ತು, ನಿಜ ಹೇಳಿದಾಗ ಮೋಸ ಅನ್ನಿಸ್ತು. ಇದಕ್ಕೆ ಯಾರಾದ್ರೂ ಉತ್ತರ ಕೊಡ್ರಪ್ಪಾ. ಯಾರಾದ್ರೂ! 95 ಅಂತ ಕಂಡಾಗ ನಿಮ್ಮ ತಲೆಯಲ್ಲಿ "ಆಯ್ತು" ಅಂತ ಕೇಳಿಸಲ್ವಾ? ನನಗೊಬ್ಬನಿಗೇನಾ?

"ಹಿಂದಿನ ಸೇವ್ ಲೋಡ್ ಮಾಡ್ಕೊಳ್ಳಿ" ಅಂತ ಬರೆಯೋರು ದಯವಿಟ್ಟು ಬರೀಬೇಡಿ. ಐರನ್‌ಮ್ಯಾನ್ ಹಾಕಿದ್ದೆ. ಸೇವ್ ಒಂದೇ, ಆಗಿದ್ದು ಆಗಿಹೋಯ್ತು. ಹಾಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಗಂಡಸ್ತನ ಉಕ್ಕಿಬಂದಿತ್ತು.

ಹೋಗ್ಲಿ ಬಿಡಿ. ಆಟ ತಾನೇ. ಆದ್ರೂ 95 ಕಣ್ರೀ!

ಬೆಳಿಗ್ಗೆ ಉಪ್ಪಿಟ್ಟು ತಿನ್ನೋವಾಗ ಆ ಹುಡುಗ ಎಲ್ಲಾ ಬಾಯಿಬಿಟ್ಟ. "ಮುತ್ತಜ್ಜಿ, ರಾತ್ರಿ ನೀವು ಸತ್ತುಹೋದ್ರಿ, ಮಾಮ ಸಾಯಿಸಿದ್ರು." ಅಜ್ಜಿ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ್ರು. ಎಲ್ಲಿ ಸತ್ತೆ ಅಂತ ಕೇಳಿದ್ರು. ಸಮುದ್ರದ ಅಡಿ ಆ ಅನ್ಯಗ್ರಹದವರದ್ದೊಂದು ಕೋಟೆ ಇರುತ್ತೆ, ಅಲ್ಲಿ, ಅಂದೆ.

"ನಂಗೆ ಈಜು ಬರಲ್ಲ ಅಂತ ಗೊತ್ತಿದ್ದೂ ಯಾಕೋ ಕರ್ಕೊಂಡು ಹೋದೆ?"