ಟೆಂಡರ್ ಆನ್‌ಲೈನ್ ಆಯಿತು, ಬಿಲ್ ಯಾವಾಗ?

ಸಣ್ಣ ಘಟಕಗಳನ್ನು ನಡೆಸುವವರ ನಡುವೆ ಇವತ್ತಿಗೂ ಒಂದು ಮಾತು ಚಾಲ್ತಿಯಲ್ಲಿದೆ: ಸರ್ಕಾರಿ ಟೆಂಡರ್ ದೊಡ್ಡವರ ವ್ಯವಹಾರ, ನಾವು ಅದರ ತಂಟೆಗೆ ಹೋಗಬಾರದು. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಶಾಲೆಗಳಿಗೆ ಡ್ಯುಯಲ್ ಡೆಸ್ಕ್, ವಿದ್ಯಾರ್ಥಿನಿಲಯಗಳಿಗೆ ಸ್ಟೀಲ್ ಮಂಚ ಮತ್ತು ಅಲ್ಮೇರಾಗಳನ್ನು ತಯಾರಿಸುವ ಒಂದು ಚಿಕ್ಕ ಘಟಕದ ಪಾಲುದಾರನಾಗಿ ನಾನು ಈ ಮಾತನ್ನು ಒಪ್ಪುವುದಿಲ್ಲ. ಸರ್ಕಾರಿ ಖರೀದಿಯನ್ನು ಆನ್‌ಲೈನ್‌ನಲ್ಲಿ ನಡೆಸುವ ಇ-ಸಂಗ್ರಹಣೆ ಬಂದ ಮೇಲೆ ಟೆಂಡರಿನಲ್ಲಿ ಭಾಗವಹಿಸುವ ವಿಚಾರದಲ್ಲಿ ಸಣ್ಣ ಉದ್ಯಮಿಗೆ ಆಗಿರುವ ಅನುಕೂಲ ನಿಜವಾದದ್ದು. ಆದರೆ ಆ ಅನುಕೂಲ ಸರಬರಾಜು ಆದೇಶ ಕೈಗೆ ಬರುವವರೆಗೆ ಮಾತ್ರ ಇದೆ. ಮಾಲು ಇಳಿಸಿ ಬಿಲ್ ಸಲ್ಲಿಸಿದ ದಿನದಿಂದ ನಾವು ಮತ್ತೆ ಕಡತದ ಹಿಂದೆ ಓಡಾಡುವ ಹಳೆಯ ಕಾಲಕ್ಕೇ ಮರಳುತ್ತೇವೆ. ಇವೆರಡನ್ನೂ ಒಟ್ಟಿಗೇ ಹೇಳಬೇಕೆಂದು ಈ ಬರಹ.

ಹಳೆಯ ಪದ್ಧತಿಯನ್ನು ಕಂಡವರಿಗೆ ಆಗಿರುವ ಬದಲಾವಣೆ ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ, ಹೊಸದಾಗಿ ಉದ್ಯಮಕ್ಕೆ ಬಂದ ಹುಡುಗರಿಗೆ ಮಾತ್ರ ಹೇಳಲೇಬೇಕು. ಟೆಂಡರ್ ಫಾರ್ಮನ್ನು ಕಚೇರಿಯ ಕೌಂಟರಿನಲ್ಲಿ ಹಣ ಕಟ್ಟಿ ಕೊಳ್ಳಬೇಕಿತ್ತು. ಪರಿಚಯವಿಲ್ಲದ ಮುಖ ಕಂಡರೆ ಫಾರ್ಮ್ ಖಾಲಿಯಾಗಿದೆ, ಸಹಿ ಮಾಡುವ ಸಾಹೇಬರು ಸೈಟಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂಬ ಉತ್ತರ ಸಿದ್ಧವಿರುತ್ತಿತ್ತು. ಹೇಗೋ ಫಾರ್ಮ್ ಸಿಕ್ಕಿತೆಂದರೆ, ಯಾರು ಯಾರು ಫಾರ್ಮ್ ಒಯ್ದಿದ್ದಾರೆಂಬ ಸುದ್ದಿ ಸಂಜೆಯೊಳಗೆ ಬೇಕಾದವರಿಗೆ ತಲುಪುತ್ತಿತ್ತು, ರಾತ್ರಿ ಮನೆಗೆ ಫೋನ್ ಬರುತ್ತಿತ್ತು. ಕೊನೆಯ ದಿನ ಅರಗಿನ ಮುದ್ರೆ ಒತ್ತಿದ ಲಕೋಟೆ ಹಿಡಿದು ಹೋದರೆ, ವರಾಂಡದ ತುದಿಯಲ್ಲಿಟ್ಟ ಕಬ್ಬಿಣದ ಪೆಟ್ಟಿಗೆಯ ಸುತ್ತ ನಾಲ್ಕಾರು ಜನ ಸುಮ್ಮನೆ ನಿಂತಿರುತ್ತಿದ್ದರು. ಅವರು ಬೈಯಬೇಕಾಗಿರಲಿಲ್ಲ, ಹೊಡೆಯಬೇಕಾಗಿರಲಿಲ್ಲ. ಅವರು ನಿಂತಿರುವುದನ್ನು ಕಂಡೇ ಎಷ್ಟೋ ಜನ ಲಕೋಟೆಯನ್ನು ಚೀಲದೊಳಗೆ ಇಟ್ಟುಕೊಂಡು ಬಸ್ ನಿಲ್ದಾಣದ ದಾರಿ ಹಿಡಿಯುತ್ತಿದ್ದರು.

ಇದಕ್ಕೆ ಕಾನೂನಿನ ಕಡೆಯಿಂದ ಮೊದಲ ಉತ್ತರವಾಗಿ ಬಂದದ್ದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ನಾವೆಲ್ಲ ಕೆಟಿಪಿಪಿ ಕಾಯ್ದೆ ಎನ್ನುವುದು ಇದನ್ನೇ. 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಈ ಕಾಯ್ದೆ ಟೆಂಡರ್ ಪ್ರಕಟಣೆಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಟೆಂಡರ್ ಬುಲೆಟಿನ್‌ಗಳನ್ನು ಗೊತ್ತುಪಡಿಸಿತು, ಅನ್ಯಾಯವಾಯಿತೆಂದು ಕಂಡ ಬಿಡ್‌ದಾರನಿಗೆ 16ನೇ ಪ್ರಕರಣದಡಿ ಮೇಲ್ಮನವಿಯ ಹಕ್ಕನ್ನು ಕೊಟ್ಟಿತು. ಕಾಯ್ದೆ ಒಳ್ಳೆಯದೇ ಆಗಿತ್ತು, ಆದರೆ ಪೆಟ್ಟಿಗೆ ಮಾತ್ರ ಅದೇ ವರಾಂಡದಲ್ಲಿ ಉಳಿದಿತ್ತು. ಅದನ್ನು ಅಲ್ಲಿಂದ ತೆಗೆದದ್ದು 2007ರಲ್ಲಿ ಆರಂಭವಾದ ರಾಜ್ಯದ ಇ-ಸಂಗ್ರಹಣಾ ಪೋರ್ಟಲ್. ಈಗ ಅದರ ಜಾಗದಲ್ಲಿ ಕೆಪಿಪಿಪಿ ಎಂಬ ಹೊಸ ಪೋರ್ಟಲ್ ನಡೆಯುತ್ತಿದೆ.

ಈಗ ಬಿಡ್ ಸಲ್ಲಿಸುವುದು ಹೇಗೆಂದು ನೋಡಿ. ಡಿಜಿಟಲ್ ಸಹಿಯ ಟೋಕನ್ ಅನ್ನು ಕಂಪ್ಯೂಟರಿಗೆ ಚುಚ್ಚಿ, ಜಿಎಸ್‌ಟಿ, ವಹಿವಾಟು, ಹಿಂದಿನ ಸರಬರಾಜಿನ ಪ್ರಮಾಣಪತ್ರಗಳನ್ನು ತಾಂತ್ರಿಕ ಬಿಡ್‌ಗೆ ಏರಿಸಿ, ಇಎಂಡಿ (ಬಿಡ್ ಜೊತೆ ಇಡಬೇಕಾದ ಠೇವಣಿ) ಮೊತ್ತವನ್ನು ಆನ್‌ಲೈನ್‌ನಲ್ಲೇ ಕಟ್ಟಿ, ಕೊನೆಗೆ ಆರ್ಥಿಕ ಬಿಡ್‌ನಲ್ಲಿ ಡೆಸ್ಕ್ ಒಂದಕ್ಕೆ ಇಷ್ಟು ಎಂದು ದರ ತುಂಬಿದರೆ ಮುಗಿಯಿತು. ರಾತ್ರಿ ಊಟ ಮುಗಿಸಿ ಮನೆಯಲ್ಲೇ ಕುಳಿತು ಈ ಕೆಲಸ ಮಾಡಬಹುದು. ನಿಗದಿತ ಗಳಿಗೆಯವರೆಗೆ ಆ ದರವನ್ನು ಟೆಂಡರ್ ಕರೆದ ಅಧಿಕಾರಿಯೂ ತೆರೆದು ನೋಡುವಂತಿಲ್ಲ. ಸಮಯ ಮುಗಿದ ಮೇಲೆ ಪೋರ್ಟಲ್ ಯಾರ ಬಿಡ್ಡನ್ನೂ ಸ್ವೀಕರಿಸುವುದಿಲ್ಲ. ಯಾರು ಸಲ್ಲಿಸಿದ್ದಾರೆಂದು ಮೊದಲೇ ಗೊತ್ತಾಗದಿದ್ದರೆ ಯಾರಿಗೆ ಫೋನ್ ಮಾಡಿ ಬೆದರಿಸುವುದು? ಸಣ್ಣವನಿಗೆ ಇದರಿಂದ ಸಿಕ್ಕಿದ ಧೈರ್ಯವನ್ನು ಯಾವ ಅಂಕಿಅಂಶದಲ್ಲೂ ಹಿಡಿಯಲಾಗುವುದಿಲ್ಲ.

ಇಷ್ಟೇ ದೊಡ್ಡದಾದ ಇನ್ನೊಂದು ಲಾಭವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆರ್ಥಿಕ ಬಿಡ್ ತೆರೆದ ಮೇಲೆ ಎಲ್ಲರ ದರವೂ ಪರದೆಯ ಮೇಲೆ ಸಾಲಾಗಿ ಕಾಣುತ್ತದೆ. ಸೋತವನೂ ತಾನು ಎಲ್‌1ಗಿಂತ (ಅತಿ ಕಡಿಮೆ ದರ ಹಾಕಿದವರಿಗಿಂತ) ಎಷ್ಟು ಹಿಂದುಳಿದೆ, ಆ ದರಕ್ಕೆ ಅವರು ಹೇಗೆ ಕೊಡುತ್ತಾರೆ, ಚೌಕದ ಪೈಪಿನ ಗೇಜಿನಲ್ಲೋ ಪೌಡರ್ ಕೋಟಿಂಗ್‌ನಲ್ಲೋ ಸಾಗಣೆ ಬಾಡಿಗೆಯಲ್ಲೋ ತನ್ನ ಲೆಕ್ಕ ಎಲ್ಲಿ ಭಾರವಾಯಿತು ಎಂದು ಕುಳಿತು ತಾಳೆ ನೋಡಬಹುದು. ಮೊದಲು ಈ ಮಾಹಿತಿ ಕಚೇರಿಯ ಒಳಗಿನವರ ಬಳಿ, ಅವರ ಸ್ನೇಹಿತರ ಬಳಿ ಮಾತ್ರ ಇರುತ್ತಿತ್ತು. ಮಾರುಕಟ್ಟೆ ಅಧ್ಯಯನಕ್ಕೆ ದುಡ್ಡಿಲ್ಲದ ಸಣ್ಣ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು.

ಕೇಂದ್ರದ ಕಡೆ ನೋಡಿದರೆ 2016ರ ಆಗಸ್ಟ್‌ನಲ್ಲಿ ಶುರುವಾದ, ಸರ್ಕಾರಿ ಕಚೇರಿಗಳು ಸರಕು ಕೊಳ್ಳುವ ಜೆಮ್ ಪೋರ್ಟಲ್ ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಕೇಂದ್ರದ 2012ರ ಖರೀದಿ ನೀತಿಯ ಬಲವೂ ಇದೆ. ಆ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳೂ ಸಾರ್ವಜನಿಕ ವಲಯದ ಕಂಪನಿಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ 25ರಷ್ಟನ್ನು ಇಂಥ ಘಟಕಗಳಿಂದ ಮಾಡಬೇಕು. ಅದರಲ್ಲಿ ಶೇ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಘಟಕಗಳಿಗೆ, ಶೇ 3 ಮಹಿಳೆಯರ ಘಟಕಗಳಿಗೆ ಮೀಸಲು. ಇಎಂಡಿಯಿಂದ ವಿನಾಯಿತಿ ಇದೆ. ನಮ್ಮ ದರ ಎಲ್‌1ಗಿಂತ ಶೇ 15ರೊಳಗೆ ಹೆಚ್ಚಿದ್ದರೆ, ಎಲ್‌1 ದರಕ್ಕೆ ಇಳಿದು ಒಂದು ಪಾಲು ಸರಬರಾಜು ಮಾಡುವ ಅವಕಾಶವೂ ಇದೆ. ಎಷ್ಟೋ ಜನ ಅರ್ಹರು ಇದನ್ನು ಕೇಳುವುದೇ ಇಲ್ಲ, ಕೇಳದಿದ್ದರೆ ತಾವಾಗಿ ಕೊಡುವವರು ಅಪರೂಪ.

ಹಾಗೆಂದು ಪೋರ್ಟಲ್ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎನ್ನಲು ನಾನು ತಯಾರಿಲ್ಲ. 2019ರಲ್ಲಿ ನಮ್ಮ ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ಗೇ ಕನ್ನ ಹಾಕಿ, ಬಿಡ್‌ದಾರರು ಕಟ್ಟಿದ್ದ ಇಎಂಡಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ದೋಚಲಾಯಿತು. ಅದಕ್ಕಿಂತ ದಿನನಿತ್ಯ ಕಾಡುವ ತೊಂದರೆ ಟೆಂಡರ್ ಷರತ್ತುಗಳಲ್ಲಿ ಅಡಗಿದೆ. ಹಿಂದೆ ಪೆಟ್ಟಿಗೆಯ ಮುಂದೆ ನಿಂತು ಮಾಡುತ್ತಿದ್ದ ಕೆಲಸವನ್ನು ಈಗ ಅರ್ಹತಾ ಷರತ್ತಿನ ಒಂದು ಸಾಲು ಮಾಡುತ್ತದೆ. ಹತ್ತು ತಾಲ್ಲೂಕುಗಳ ಶಾಲೆಗಳಿಗೆ ಬೇಕಾದ ಡೆಸ್ಕುಗಳನ್ನೆಲ್ಲ ಒಂದೇ ಪ್ಯಾಕೇಜ್ ಮಾಡಿ, ಅದಕ್ಕೆ ತಕ್ಕಂತೆ ಕೋಟಿಗಳ ವಹಿವಾಟು, ಅಷ್ಟೇ ದೊಡ್ಡ ಒಂದೇ ಆದೇಶವನ್ನು ಪೂರೈಸಿದ ಅನುಭವ ಬೇಕೆಂದು ಬರೆದುಬಿಟ್ಟರೆ, ಅದೇ ಡೆಸ್ಕನ್ನು ವರ್ಷಗಟ್ಟಲೆ ಮಾಡಿದ ಸ್ಥಳೀಯ ಘಟಕ ತಾಂತ್ರಿಕ ಹಂತದಲ್ಲೇ ಹೊರಬೀಳುತ್ತದೆ. ಗೆದ್ದ ದೊಡ್ಡ ಸಂಸ್ಥೆ ಅದೇ ಸ್ಥಳೀಯ ಘಟಕದವರಿಂದ ಕಡಿಮೆ ದರಕ್ಕೆ ಮಾಡಿಸಿಕೊಂಡು ತನ್ನ ಹೆಸರಿನಲ್ಲಿ ಇಳಿಸುವುದೂ ಉಂಟು. ತಾಲ್ಲೂಕುವಾರು ಟೆಂಡರ್ ಕರೆಯಲು ಈಗ ಕಚೇರಿಗೆ ಆಗುವ ಹೆಚ್ಚಿನ ಶ್ರಮ ತೀರಾ ಕಡಿಮೆ. ಕಾಗದದ ಕಾಲದಲ್ಲಿ ಕೊಡುತ್ತಿದ್ದ ಆ ಸಬೂಬು ಈಗ ಸಲ್ಲದು. ಬಿಡ್ ಪೂರ್ವ ಸಭೆಗೆ ಮುನ್ನ ಇಂಥ ಷರತ್ತುಗಳ ಬಗ್ಗೆ ಲಿಖಿತವಾಗಿ ಪ್ರಶ್ನೆ ಹಾಕಿ ಎಂದು ಗೆಳೆಯರಿಗೆ ನಾನು ಯಾವಾಗಲೂ ಹೇಳುತ್ತೇನೆ. ಬಾಯಿಮಾತಿನ ತಕರಾರು ದಾಖಲೆಯಾಗುವುದಿಲ್ಲ.

ಇನ್ನು ಹಣ ಪಾವತಿಯ ವಿಷಯ. ನಾವು ಒಂದು ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ ಮಂಚಗಳನ್ನು ಗಡುವಿನೊಳಗೇ ಇಳಿಸಿ, ಪ್ರತಿ ನಿಲಯದ ವಾರ್ಡನ್ ಕೈಯಲ್ಲಿ ಸ್ವೀಕೃತಿ ಬರೆಸಿಕೊಂಡು ಬಂದಿದ್ದೆವು. ಮೊದಲು ಮೂರನೇ ವ್ಯಕ್ತಿ ತಪಾಸಣೆಯ ವರದಿ ಬರಬೇಕೆಂದರು. ವರದಿ ಬಂದ ಮೇಲೆ ದಾಸ್ತಾನು ಪುಸ್ತಕದ ಪುಟದ ನಕಲು ಬೇಕೆಂದರು. ಅದನ್ನೂ ಕೊಟ್ಟ ಮೇಲೆ ಅನುದಾನ ಬಿಡುಗಡೆಯಾಗಿಲ್ಲ, ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಎಂದರು. ಈ ಯಾವ ಹಂತವೂ ಪೋರ್ಟಲ್‌ನಲ್ಲಿ ಕಾಣುವುದಿಲ್ಲ, ಕಡತ ಯಾರ ಮೇಜಿನ ಮೇಲಿದೆ ಎಂದು ತಿಳಿಯಲು ಖುದ್ದಾಗಿ ಹೋಗಲೇಬೇಕು. ಅಷ್ಟರಲ್ಲಿ ಸ್ಟೀಲ್ ಅಂಗಡಿಯವರು ಪೈಪಿನ ಬಾಕಿ ಕೇಳುತ್ತಾರೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಮೇಲೆ ಬಡ್ಡಿ ಏರುತ್ತದೆ, ವೆಲ್ಡರ್‌ಗಳಿಗೆ ಶನಿವಾರದ ಬಟವಾಡೆ ಮಾಡಲೇಬೇಕು. ಊಟಕ್ಕೆ ಕರೆದು ಎಲೆ ಹಾಕಿ, ಬಡಿಸುವುದನ್ನು ಮರೆತುಬಿಟ್ಟ ಹಾಗೆ ಇದು. ದೊಡ್ಡ ಗುತ್ತಿಗೆದಾರ ಇನ್ನೊಂದು ಯೋಜನೆಯ ಹಣದಲ್ಲಿ ಸರಿದೂಗಿಸಿಕೊಳ್ಳುತ್ತಾನೆ, ಒಂದೇ ಆದೇಶವನ್ನು ನಂಬಿಕೊಂಡ ಘಟಕಕ್ಕೆ ಆ ದಾರಿ ಇಲ್ಲ. ಜ್ಯೇಷ್ಠತೆಯ ಪ್ರಕಾರ, ಅಂದರೆ ಮೊದಲು ಬಂದ ಬಿಲ್ಲಿಗೆ ಮೊದಲು ಎಂಬಂತೆ, ಬಿಲ್ ಪಾವತಿಸಿ ಎಂಬ ಬೇಡಿಕೆ ಈ ರಾಜ್ಯದಲ್ಲಿ ಮತ್ತೆ ಮತ್ತೆ ಏಳುವುದು ಇದೇ ಕಾರಣಕ್ಕೆ.

ಕಾನೂನಿನಲ್ಲಿ ಇದಕ್ಕೆ ಪರಿಹಾರವಿಲ್ಲವೇ ಎಂದರೆ, ಸ್ಪಷ್ಟವಾಗಿಯೇ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಖರೀದಿದಾರ ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ತಡವಾದ ಪಾವತಿಯ ದೂರುಗಳಿಗಾಗಿ ಕೇಂದ್ರ 2017ರಲ್ಲಿ ಸಮಾಧಾನ್ ಪೋರ್ಟಲ್ ತೆರೆಯಿತು, ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಆದರೆ ಮುಂದಿನ ಟೆಂಡರನ್ನೂ ಅದೇ ಕಚೇರಿ ಕರೆಯುವಾಗ, ಅದೇ ಅಧಿಕಾರಿಯ ಮೇಲೆ ದೂರು ಕೊಡಲು ಯಾವ ಸಣ್ಣ ಸರಬರಾಜುದಾರನಿಗೆ ಮನಸ್ಸು ಬರುತ್ತದೆ? ಹಕ್ಕು ಇದೆ, ಅದನ್ನು ಚಲಾಯಿಸುವವನೇ ಅದರ ಬೆಲೆ ತೆರಬೇಕಾಗಿದೆ.

ಆದ್ದರಿಂದ ನನ್ನ ಒತ್ತಾಯ ದೂರಿನ ವ್ಯವಸ್ಥೆಯನ್ನು ಬಲಪಡಿಸಿ ಎಂಬುದಲ್ಲ, ದೂರು ಕೊಡುವ ಅಗತ್ಯವೇ ಬರದಂತೆ ಮಾಡಿ ಎಂಬುದು. ಬಿಡ್ ಸಲ್ಲಿಸಿದ ಗಳಿಗೆಯನ್ನು ಸೆಕೆಂಡಿನವರೆಗೆ ದಾಖಲಿಸುವ ಅದೇ ಪೋರ್ಟಲ್, ಮಾಲು ತಲುಪಿದ ದಿನ, ತಪಾಸಣೆ ಮುಗಿದ ದಿನ, ಬಿಲ್ ಸ್ವೀಕರಿಸಿದ ದಿನಗಳನ್ನೂ ದಾಖಲಿಸಲಿ ಮತ್ತು ಅದು ಎಲ್ಲರಿಗೂ ಕಾಣುವಂತಿರಲಿ. ಆ ದಾಖಲೆ ರಾಜ್ಯ ಖಜಾನೆಯ ಪಾವತಿ ನಡೆಸುವ ಖಜಾನೆ-2 ತಂತ್ರಾಂಶದೊಂದಿಗೆ ಜೋಡಣೆಯಾಗಲಿ. ಅನುದಾನ ಖಾತ್ರಿಯಾಗದ ಟೆಂಡರನ್ನು ಪೋರ್ಟಲ್ ಪ್ರಕಟಿಸಲೇಬಾರದು. 46ನೆಯ ದಿನದಿಂದ ಬಡ್ಡಿ ತಾನಾಗಿಯೇ ಲೆಕ್ಕವಾಗಿ ಬಿಲ್ಲಿನ ಮೊತ್ತಕ್ಕೆ ಸೇರಲಿ, ಯಾವ ಕಚೇರಿಯಲ್ಲಿ ಎಷ್ಟು ಬಡ್ಡಿ ಸೇರಿತು ಎಂಬ ಪಟ್ಟಿ ಪ್ರತಿ ತಿಂಗಳೂ ಪ್ರಕಟವಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮುಂದಿನ ಬಜೆಟ್ ಪೂರ್ವ ಸಭೆಗೆ ಜಿಲ್ಲಾ ಸಣ್ಣ ಕೈಗಾರಿಕೆಗಳ ಸಂಘಗಳು ಮನವಿ ಸಿದ್ಧಪಡಿಸುವಾಗ ವಿದ್ಯುತ್ ದರ, ನಿವೇಶನದ ಬೆಲೆಗಳ ಜೊತೆಗೆ ಈ ಬೇಡಿಕೆಯನ್ನೂ ಮೊದಲ ಪುಟದಲ್ಲೇ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬಾಕಿ ಬಿಲ್ ಇರುವವರು ಆದೇಶದ ದಿನಾಂಕ, ಸ್ವೀಕೃತಿಯ ದಿನಾಂಕಗಳನ್ನು ನಿಮ್ಮ ನಿಮ್ಮ ಸಂಘಕ್ಕೆ ಈಗಲೇ ಬರೆದು ಕಳಿಸಿ.