ನೀರಿಗೆ ವಿನಾಯಿತಿ, ನುಡಿಗೆ ಕ್ಯಾಲ್ಕುಲೇಟರ್

ಬ್ರಿಟನ್ನಿನಲ್ಲಿ ಒಂದು ಸಂಸದೀಯ ಕ್ಷೇತ್ರವು ಕ್ಷೇತ್ರವೆನಿಸಿಕೊಳ್ಳಲು ಬೇಕಾದ ಅರ್ಹತೆ ತೀರ ಸರಳವಾದದ್ದು. 2023ರಲ್ಲಿ ಮುಗಿದ ಪುನರ್ವಿಂಗಡಣೆಯ ಲೆಕ್ಕದಂತೆ ಅಲ್ಲಿ 69,724ಕ್ಕಿಂತ ಕಡಿಮೆ ಮತದಾರರು ಇರಕೂಡದು, 77,062ಕ್ಕಿಂತ ಹೆಚ್ಚು ಮತದಾರರೂ ಇರಕೂಡದು. ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡವರೆಲ್ಲರೂ ಒಂದೇ ಸಮುದಾಯ. ಅವರು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ, ಸಂತೆಗೆ ಯಾವ ಊರಿಗೆ ಹೋಗುತ್ತಾರೆ, ನಡುವೆ ಎಷ್ಟು ಬೆಟ್ಟ ಹತ್ತಿಳಿಯಬೇಕು ಎಂಬುದನ್ನೆಲ್ಲ ಗಡಿ ಆಯೋಗವು ಅವಶ್ಯವಾಗಿ ಪರಿಶೀಲಿಸಬಹುದು. ಅಂಕಿ ಮೊದಲು ಒಪ್ಪಿಗೆ ಕೊಟ್ಟಿರಬೇಕು, ಅಷ್ಟೇ. ಈ ಲೆಕ್ಕದ ಕೃಪೆಯಿಂದ 2024ರ ಚುನಾವಣೆಯ ಹೊತ್ತಿಗೆ ವೇಲ್ಸ್‌ನ ನಲವತ್ತು ಸ್ಥಾನಗಳು ಮೂವತ್ತೆರಡಾದವು.

ಲೆಕ್ಕವು ನೆಲದ ಮೇಲೆ ಹೇಗೆ ಕಾಣುತ್ತದೆಂದು ತಿಳಿಯಬೇಕಾದರೆ ವಾಯವ್ಯ ವೇಲ್ಸ್‌ನ ದುಯ್ವೊರ್ ಮೆಯ್ರಿಯೊನಿದ್ ಎಂಬ ಕ್ಷೇತ್ರವನ್ನು ನೋಡಬೇಕು. ಒಂದು ಕಡೆ ಲ್ಲೀನ್ ಪರ್ಯಾಯ ದ್ವೀಪದ ತುದಿಯ ಮೀನುಗಾರರ ಹಳ್ಳಿಗಳು, ಇನ್ನೊಂದು ಕಡೆ ಬ್ಲೈನೈ ಫೆಸ್ಟಿನಿಯೋಗ್‌ನ ಸ್ಲೇಟು ಕಲ್ಲಿನ ಗಣಿಗಳು, ನಡುವೆ ಕುರಿಗಳು. ಇದು ಸೇರಿರುವ ಗ್ವಿನೆದ್ ಜಿಲ್ಲೆಯಲ್ಲಿ 2021ರ ಜನಗಣತಿಯ ಪ್ರಕಾರ ನೂರಕ್ಕೆ 64 ಮಂದಿ ವೆಲ್ಷ್ ಮಾತಾಡುತ್ತಾರೆ. ಇಡೀ ವೇಲ್ಸ್‌ನಲ್ಲಿ ಈ ಪ್ರಮಾಣ ನೂರಕ್ಕೆ ಹದಿನೆಂಟನ್ನೂ ಮುಟ್ಟುವುದಿಲ್ಲ. ಅಂದರೆ ಅಂಗಡಿ, ಶಾಲೆ, ಪಂಚಾಯಿತಿ ಎಲ್ಲವೂ ಆ ನುಡಿಯಲ್ಲೇ ನಡೆಯುವ ಜಾಗಗಳು ಬೆರಳೆಣಿಕೆಯಷ್ಟಿದ್ದು, ಅವುಗಳಲ್ಲಿ ಇದು ಒಂದು. ಆದರೆ 2019ರಲ್ಲಿ ಇಲ್ಲಿ ಇದ್ದ ಮತದಾರರು ಸುಮಾರು 44 ಸಾವಿರ. ಪಕ್ಕದ ಆರ್ವೊನ್ ಕ್ಷೇತ್ರದಲ್ಲಿ ಇನ್ನೂ ಕಡಿಮೆ, ಸುಮಾರು 42 ಸಾವಿರ. ಕ್ಯಾಲ್ಕುಲೇಟರಿಗೆ ಇದು ಸಹಿಸಲಾಗದ ಅಪರಾಧ. ಆದ್ದರಿಂದ ಆರ್ವೊನ್ ಅನ್ನು ಎರಡು ಹೋಳು ಮಾಡಿ, ಕಯರ್ನಾರ್ವೊನ್ ಪಟ್ಟಣವನ್ನು ದುಯ್ವೊರ್ ಮೆಯ್ರಿಯೊನಿದ್‌ಗೂ ಬ್ಯಾಂಗರ್ ನಗರವನ್ನು ಪೂರ್ವದ ಇನ್ನೊಂದು ಕ್ಷೇತ್ರಕ್ಕೂ ಹಂಚಲಾಯಿತು. ಜಾಗದಲ್ಲಿ ಜನ ಕಡಿಮೆಯಾದಂತೆಲ್ಲ ಕ್ಷೇತ್ರ ದೊಡ್ಡದಾಗುತ್ತದೆ, ಕ್ಷೇತ್ರ ದೊಡ್ಡದಾದಂತೆಲ್ಲ ಸಂಸದರ ಕಾರಿಗೆ ಪೆಟ್ರೋಲು ಹೆಚ್ಚು ಬೇಕಾಗುತ್ತದೆ. ಪ್ರಾತಿನಿಧ್ಯ ಬೆಳೆಯುವುದೆಂದರೆ ಇದೇ ಇರಬೇಕು.

ನ್ಯಾಯವಾಗಿ ಹೇಳಬೇಕೆಂದರೆ, ಒಬ್ಬೊಬ್ಬರ ಮತಕ್ಕೂ ಸಮನಾದ ಬೆಲೆ ಇರಬೇಕೆಂಬ ತತ್ವವನ್ನು ತೆಗಳಲು ಸಾಧ್ಯವಿಲ್ಲ. ಎಪ್ಪತ್ತೈದು ಸಾವಿರ ಮತದಾರರಿರುವ ನಗರದವರಿಗೂ ನಲವತ್ತೆರಡು ಸಾವಿರ ಮತದಾರರಿರುವ ಬೆಟ್ಟದವರಿಗೂ ತಲಾ ಒಬ್ಬರೇ ಸಂಸದರೆಂದರೆ ನಗರದವರು ಗೊಣಗುವುದು ಸಹಜ. ಹಾಗಾದರೆ ತತ್ವವು ಎಲ್ಲರಿಗೂ ಒಂದೇ ಆಗಿರಬೇಕಲ್ಲವೆ? ಇಲ್ಲಿಯೇ ಕಾಯ್ದೆಯ ಸ್ವಾರಸ್ಯವಿರುವುದು. 2020ರ ಸಂಸದೀಯ ಕ್ಷೇತ್ರಗಳ ಕಾಯ್ದೆಯು ಕೆಲವು ಕ್ಷೇತ್ರಗಳನ್ನು ಲೆಕ್ಕದಿಂದ ಪೂರ್ತಿ ಹೊರಗಿಟ್ಟಿದೆ. ಅವುಗಳ ಯೋಗ್ಯತೆ ಏನೆಂದರೆ ಸುತ್ತಲೂ ನೀರಿರುವುದು. ಸ್ಕಾಟ್ಲೆಂಡಿನ ಉತ್ತರದ ಮತ್ತು ಪಶ್ಚಿಮದ ದ್ವೀಪಗಳು, ದಕ್ಷಿಣದ ಐಲ್ ಆಫ್ ವೈಟ್, ಇವುಗಳ ಜೊತೆಗೆ ವೇಲ್ಸ್‌ನ ಅನಿಸ್ ಮೋನ್.

ಈ ಅನಿಸ್ ಮೋನ್‌ನ ಪ್ರಸಂಗವಂತೂ ಭೂಗರ್ಭಶಾಸ್ತ್ರಜ್ಞರು ಅಧ್ಯಯನ ಮಾಡಬೇಕಾದದ್ದು. 2011ರಲ್ಲಿ ಇಂಥದೇ ಕಾಯ್ದೆ ಬಂದಾಗ ಉಳಿದ ದ್ವೀಪಗಳಿಗೆ ವಿನಾಯಿತಿ ಸಿಕ್ಕಿತ್ತು, ಇದಕ್ಕೆ ಸಿಕ್ಕಿರಲಿಲ್ಲ. 2020ರಲ್ಲಿ ಸಿಕ್ಕಿತು. ಒಂಬತ್ತು ವರ್ಷಗಳಲ್ಲಿ ಸುತ್ತ ಸಮುದ್ರ ಹೇಗೆ ಬಂದು ತುಂಬಿಕೊಂಡಿತೆಂದು ಯಾರೂ ಕೇಳಲಿಲ್ಲ. ನಡುವೆ 2019ರ ಚುನಾವಣೆಯಲ್ಲಿ ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷವು ಮೂರು ದಶಕಗಳ ಮೇಲೆ ಆ ಸ್ಥಾನವನ್ನು ಮತ್ತೆ ಗೆದ್ದುಕೊಂಡಿದ್ದನ್ನು ನಾವು ಕಾಕತಾಳೀಯವೆಂದೇ ಭಾವಿಸೋಣ. ಅಂದ ಹಾಗೆ, ಆ ದ್ವೀಪಕ್ಕೆ 1826ರಿಂದ ತೂಗುಸೇತುವೆಯೊಂದಿದೆ, 1850ರಿಂದ ರೈಲು ಸೇತುವೆಯೂ ಇದೆ. ಮಂಡಕ್ಕಿ ತಿನ್ನುತ್ತ ನಡೆದುಹೋದರೂ ಪೊಟ್ಟಣ ಮುಗಿಯುವುದರೊಳಗೆ ಆಚೆ ದಡ ಸೇರಬಹುದು. ಆದರೂ ನೀರು ನೀರೇ. ವೆಲ್ಷ್ ಮಾತಾಡುವ ದ್ವೀಪವೊಂದು ಉಳಿದುಕೊಂಡಿದ್ದು ಒಳ್ಳೆಯದೇ ಆಯಿತು. ಉಳಿದದ್ದು ವೆಲ್ಷ್‌ನಿಂದಲ್ಲ, ದ್ವೀಪವಾಗಿದ್ದರಿಂದ ಎನ್ನುವುದನ್ನು ಮಾತ್ರ ಮರೆಯಬಾರದು.

ನೀರಿಲ್ಲದವರಿಗೂ ಕಾಯ್ದೆಯಲ್ಲಿ ಒಂದು ಕಿಟಕಿ ಉಂಟು. ಕ್ಷೇತ್ರದ ವಿಸ್ತೀರ್ಣ 12,000 ಚದರ ಕಿಲೋಮೀಟರ್ ಮೀರಿದರೆ ಮತದಾರರು ಸ್ವಲ್ಪ ಕಡಿಮೆಯಿದ್ದರೂ ಆಯೋಗವು ಮನಸ್ಸು ಮಾಡಬಹುದು. ಇಡೀ ವೇಲ್ಸ್‌ನ ವಿಸ್ತೀರ್ಣವೇ 21,000 ಚದರ ಕಿಲೋಮೀಟರನ್ನು ತಲುಪುವುದಿಲ್ಲ. ದೇಶದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಂದೇ ಕ್ಷೇತ್ರ ಮಾಡಿ ತಂದರೆ ಪರಿಶೀಲಿಸೋಣ ಎಂಬ ಈ ಔದಾರ್ಯಕ್ಕೆ ಮೆಯ್ರಿಯೊನಿದ್‌ನ ರೈತರು ಕೃತಜ್ಞರಾಗಿರಬೇಕು.

ವೆಸ್ಟ್‌ಮಿನ್‌ಸ್ಟರಿಗೆ, ಅಂದರೆ ಲಂಡನ್ನಿನ ಸಂಸತ್ತಿಗೆ, ನೀರಿನ ಭಾಷೆ ಅರ್ಥವಾಗುವುದು ಹೊಸದೇನಲ್ಲ. ಇದೇ ಮೆಯ್ರಿಯೊನಿದ್‌ನ ಬಾಲಾ ಪಟ್ಟಣದ ಹತ್ತಿರ ತ್ರವೆರಿನ್ ಕಣಿವೆಯಲ್ಲಿ ಕಾಪೆಲ್ ಕೆಲಿನ್ ಎಂಬ ಊರಿತ್ತು. ಒಂದು ಪ್ರಾರ್ಥನಾ ಮಂದಿರ, ಒಂದು ಶಾಲೆ, ಒಂದು ಅಂಚೆ ಕಚೇರಿ, ಕೆಲವು ಹೊಲಮನೆಗಳು. ಊರಿಗೆ ಊರೇ ವೆಲ್ಷ್ ಆಡುತ್ತಿತ್ತು. ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತು. ಸ್ಥಳೀಯ ಯೋಜನಾ ಪ್ರಾಧಿಕಾರದ ಒಪ್ಪಿಗೆ ಕೇಳುವ ತೊಂದರೆಯೇ ಬೇಡವೆಂದು ನಗರಪಾಲಿಕೆಯು ನೇರವಾಗಿ ಸಂಸತ್ತಿಗೆ ಹೋಗಿ 1957ರಲ್ಲಿ ಆ ಕಣಿವೆಯನ್ನು ಜಲಾಶಯ ಮಾಡಲು ಖಾಸಗಿ ಕಾಯ್ದೆಯೊಂದನ್ನು ಮಾಡಿಸಿಕೊಂಡಿತು. ಅದಕ್ಕೂ ಮೊದಲು, 1956ರ ನವೆಂಬರಿನಲ್ಲಿ, ಊರಿನವರು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಲಿವರ್‌ಪೂಲಿನ ಬೀದಿಗಳಲ್ಲಿ ಫಲಕ ಹಿಡಿದು ನಡೆದಿದ್ದರು. ವೇಲ್ಸ್‌ಗೆ ಆಗ ಇದ್ದದ್ದು 36 ಸಂಸದರು. ಅವರಲ್ಲಿ ಒಬ್ಬರೂ ಆ ಮಸೂದೆಯ ಪರವಾಗಿ ಮತ ಹಾಕಲಿಲ್ಲ. ಮಸೂದೆ ಪಾಸಾಯಿತು. ಪ್ರಾತಿನಿಧ್ಯವೆಂದರೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಪಾಠ ಮಾಡಲಾರರು: ನಿಮ್ಮವರು ಸಭೆಯಲ್ಲಿರುತ್ತಾರೆ, ಊರು ನೀರಲ್ಲಿರುತ್ತದೆ. 1965ರಲ್ಲಿ ಜಲಾಶಯ ಉದ್ಘಾಟನೆಯಾಯಿತು. ನಲವತ್ತು ವರ್ಷ ಸಾವಧಾನವಾಗಿ ಯೋಚಿಸಿ 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಬಾಗಿಲೂ ನೀರಿನ ಅಡಿಯಲ್ಲಿತ್ತು.

ಇನ್ನು ಇಂಥ ಕ್ಷೇತ್ರದಿಂದ ಗೆದ್ದವರು ಮಾತಾಡುವ ವಿಚಾರ. 2015ರಿಂದ ದುಯ್ವೊರ್ ಮೆಯ್ರಿಯೊನಿದ್ ಸ್ಥಾನ ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯ ಲಿಜ್ ಸಾವಿಲ್ ರಾಬರ್ಟ್ಸ್ ಅವರದು. ಅವರು ಹುಟ್ಟಿದ್ದು ಲಂಡನ್ನಿನ ಎಲ್ಥಮ್‌ನಲ್ಲಿ, ವೆಲ್ಷ್ ಕಲಿತದ್ದು ಆಮೇಲೆ. ಲಂಡನ್ನಿನವರೊಬ್ಬರು ಕಷ್ಟಪಟ್ಟು ನುಡಿ ಕಲಿತು, ಆ ನುಡಿಯಲ್ಲೇ ಮತ ಕೇಳಿ ಗೆದ್ದು, ಮತ್ತೆ ಲಂಡನ್ನಿಗೆ ಹೋದಾಗ ಕಲಿತದ್ದನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಭಾಷಣಗಳು ಇಂಗ್ಲಿಷಿನಲ್ಲೇ ಇರತಕ್ಕದ್ದು. ಪ್ರಮಾಣವಚನವನ್ನು ವೆಲ್ಷ್‌ನಲ್ಲಿ ಸ್ವೀಕರಿಸಲು ಅಡ್ಡಿಯಿಲ್ಲ, ಮೊದಲು ಇಂಗ್ಲಿಷಿನಲ್ಲಿ ಮುಗಿಸಿರಬೇಕು. ಇಂಗ್ಲಿಷಿನಲ್ಲಿ ಮಾಡಿದ ಪ್ರಮಾಣ ಕಾನೂನಿಗೆ, ವೆಲ್ಷ್‌ನಲ್ಲಿ ಮಾಡಿದ್ದು ಮನಸ್ಸಿನ ಸಮಾಧಾನಕ್ಕೆ. ವೇಲ್ಸ್‌ನ ವಿಚಾರ ಚರ್ಚಿಸಲೆಂದೇ ಇರುವ ವೆಲ್ಷ್ ಗ್ರ್ಯಾಂಡ್ ಕಮಿಟಿಯಲ್ಲಿ ಮಾತ್ರ ಧಾರಾಳತನವಿದೆ. 1996ರಲ್ಲಿ, ಅದು ವೇಲ್ಸ್‌ನಲ್ಲಿ ಸಭೆ ಸೇರಿದಾಗ ವೆಲ್ಷ್ ಆಡಬಹುದೆಂದು ಅನುಮತಿ ದೊರೆಯಿತು. ವೆಸ್ಟ್‌ಮಿನ್‌ಸ್ಟರಿನಲ್ಲಿ ಸಭೆ ಸೇರಿದಾಗಲೂ ಆಡಬಹುದೆಂದು ಒಪ್ಪಲು 2017ರವರೆಗೆ ಕಾಯಬೇಕಾಯಿತು, ನಿಜವಾಗಿ ಆಡಿದ್ದು 2018ರ ಫೆಬ್ರುವರಿಯಲ್ಲಿ. ಆ ಸಮಿತಿಯು ಚರ್ಚಿಸುತ್ತದೆ, ತೀರ್ಮಾನಿಸುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸಕ್ಕೆ ಯಾವ ಭಾಷೆಯಾದರೂ ಆದೀತು, ಕಾಯ್ದೆ ಪಾಸುಮಾಡುವ ಕೆಲಸಕ್ಕೆ ಒಂದೇ ಭಾಷೆ ಎಂಬ ವಿವೇಕ ಇದರಲ್ಲಿ ಅಡಗಿದೆ.

ಪರಂಪರೆಗೆ ಇದು ಹೊರತಲ್ಲ. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿಯ ಕಾಯ್ದೆಯು ವೇಲ್ಸ್‌ಗೆ ಮೊದಲ ಬಾರಿಗೆ ನಿಯತವಾಗಿ ಸಂಸದರನ್ನು ಕರುಣಿಸಿತು. ವೆಲ್ಷ್ ಬಳಸುವವರು ಸರ್ಕಾರಿ ಹುದ್ದೆ ಹೊಂದಕೂಡದೆಂದು ವಿಧಿಸಿದ್ದೂ ಅದೇ ಕಾಯ್ದೆ. ಒಂದೇ ಕಾಗದದಲ್ಲಿ ಬಾಯಿ ಕೊಟ್ಟು ನಾಲಿಗೆ ಕಿತ್ತುಕೊಂಡ ಮಿತವ್ಯಯಕ್ಕೆ ಮಾದರಿಯಿಲ್ಲ.

ಕಾರ್ಡಿಫ್‌ನಲ್ಲಿ ವೇಲ್ಸ್‌ನದೇ ಶಾಸನಸಭೆ, ಸೆನೆದ್, ಇದೆಯಲ್ಲ ಎನ್ನುವಿರಿ. ಇದೆ, ಅಲ್ಲಿ ವೆಲ್ಷ್ ಧಾರಾಳವಾಗಿ ಆಡಬಹುದು. 2026ರ ಮೇ ಚುನಾವಣೆಗೆಂದು ಅದರ ಸದಸ್ಯಬಲವನ್ನು 60ರಿಂದ 96ಕ್ಕೆ ಏರಿಸಿ, ವೆಸ್ಟ್‌ಮಿನ್‌ಸ್ಟರಿನ 32 ಕ್ಷೇತ್ರಗಳನ್ನು ಜೋಡಿ ಮಾಡಿ ಹದಿನಾರು ಮಾಡಿದರು. ನಮ್ಮ ಕ್ಷೇತ್ರಕ್ಕೆ ಗಂಟು ಬಿದ್ದದ್ದು ಇಂಗ್ಲೆಂಡಿನ ಗಡಿಯವರೆಗೆ ಚಾಚಿರುವ ಪೂರ್ವದ ನೆರೆಯ ಕ್ಷೇತ್ರ. ಹೆಸರು ಗ್ವಿನೆದ್ ಮಾಲ್ದ್ವಿನ್, ಶುದ್ಧ ವೆಲ್ಷ್. ಪ್ರತಿನಿಧಿಗಳು ಆರು ಮಂದಿ, ಮತ ಹಾಕುವುದು ಪಕ್ಷದ ಪಟ್ಟಿಗೆ, ವ್ಯಕ್ತಿಗಲ್ಲ. ಆರು ಜನರಲ್ಲಿ ರಸ್ತೆಯ ಗುಂಡಿ ಯಾರ ಪಾಲಿನದೆಂದು ತಿಳಿಯಲು ಇದೇ ಕ್ಷೇತ್ರದ ಪುಲ್‌ಹೆಲಿ ಪಟ್ಟಣದ ಮತದಾರನು ಕಾರ್ಡಿಫ್‌ಗೆ ರೈಲು ಹತ್ತಬಹುದು. ಆ ಮಾರ್ಗದ ಸಣ್ಣ ನಿಲ್ದಾಣಗಳಲ್ಲಿ ಕೈ ಚಾಚಿದರೆ ಮಾತ್ರ ರೈಲು ನಿಲ್ಲುತ್ತದೆ. ಹತ್ತಿದ ಮೇಲೆ ತನ್ನದೇ ರಾಜಧಾನಿಗೆ ಹೋಗಲು ಇಂಗ್ಲೆಂಡಿನೊಳಗೆ ಶ್ರೂಸ್‌ಬರಿಗೆ ಹೋಗಿ ಸುತ್ತಿ ಬರಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ತೋಚಿದ ಪರಿಹಾರ ಒಂದೇ. ದುಯ್ವೊರ್ ಮೆಯ್ರಿಯೊನಿದ್‌ಗೆ ಮೂರು ಕಡೆಯಿಂದ ಅಲ್ಲದಿದ್ದರೂ ಒಂದು ಕಡೆಯಿಂದ ಸಮುದ್ರ ಈಗಾಗಲೇ ಇದೆ. ಉಳಿದ ಕಡೆ ಅಗಲವಾದ ಕಾಲುವೆ ತೋಡಿ ನೀರು ಹರಿಸಿದರೆ ಅದು ಶಾಸನಬದ್ಧವಾಗಿ ದ್ವೀಪವಾಗುತ್ತದೆ, ವಿನಾಯಿತಿ ತಾನಾಗಿ ಸಿಗುತ್ತದೆ. ಗುತ್ತಿಗೆಯನ್ನು ಲಿವರ್‌ಪೂಲಿನವರಿಗೆ ಕೊಡಬಹುದು. ಆ ಭಾಗದಲ್ಲಿ ನೀರು ತುಂಬಿಸಿದ ಅನುಭವ ಅವರಿಗಿದೆ, ಸಾಮಗ್ರಿಯೂ ಸ್ಥಳದಲ್ಲೇ ದಾಸ್ತಾನಿದೆ. ಕುರಿಗಳ ಸಾಗಣೆಗೆ ಒಂದೆರಡು ಸೇತುವೆ ಕಟ್ಟಿದರೂ ದ್ವೀಪತ್ವಕ್ಕೆ ಭಂಗವಿಲ್ಲವೆಂಬುದಕ್ಕೆ ಅನಿಸ್ ಮೋನ್‌ನ ಪೂರ್ವನಿದರ್ಶನವಿದೆ. ಇದಕ್ಕೆ ಬೇಕಾದ ಮಸೂದೆಯನ್ನು ಸಂಸದೆ ಕಾಮನ್ಸ್ ಸಭೆಯಲ್ಲಿ ಮಂಡಿಸಲಿ, ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಲಿ.