ಬಂಗುಡೆಗೆ 45 ನಿಮಿಷ

ನಮ್ಮ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಒಂದು ಶಾಲೆ ಉಂಟು. ವಿದ್ಯಾರ್ಥಿ ಒಬ್ಬನೇ, ಒಂಬತ್ತು ವರ್ಷ. ಹೆಡ್ ಟೀಚರ್ ಅವನ ಅಮ್ಮ. ಅಪ್ಪ ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಬರುವ ಇನ್‌ಸ್ಪೆಕ್ಟರ್. ನಾನು ಎದುರು ಮನೆಯವನು, ರಿಟೈರ್ಡ್. ಹಾಗಾಗಿ ಯಾರೂ ಕರೆಯದ ಗೆಸ್ಟ್ ಲೆಕ್ಚರರ್.

ಹುಡುಗನನ್ನು ಶಾಲೆ ಬಿಡಿಸಿದ್ದಕ್ಕೆ ನನ್ನದೇನೂ ತಕರಾರಿಲ್ಲ. ನಮ್ಮ ಎರಡು ಜಿಲ್ಲೆಗಳ ಕತೆ ಗೊತ್ತಲ್ಲ ಮಾರಾಯ್ರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಫಸ್ಟು, ನಾವು ದಕ್ಷಿಣ ಕನ್ನಡದವರು ಸೆಕೆಂಡು. 2025ರಲ್ಲಿ ನಾವು ಫಸ್ಟು, ಉಡುಪಿ ಸೆಕೆಂಡು. ಈ ಕಂಬಳದಲ್ಲಿ ಮೂರನೇ ಕ್ಲಾಸಿನ ಮಗುವಿನ ಕುತ್ತಿಗೆಗೂ ನೊಗ. ಒಬ್ಬನಾದರೂ ಗದ್ದೆ ಬಿಟ್ಟು ಓಡಿದನಲ್ಲ ಅಂತ ಖುಷಿಪಟ್ಟೆ. ಅವನ ಅಮ್ಮ ರಿಜಿಸ್ಟರ್ ತೋರಿಸುವವರೆಗೆ.

ಶಿಕ್ಷಣ ಹಕ್ಕು ಕಾಯಿದೆ ಅಂತ 2009ರದ್ದೊಂದು ಉಂಟು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆ ಹಕ್ಕು ಅನ್ನುತ್ತದೆ. ಮನೆಯಲ್ಲೇ ಕಲಿಸುವವರ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಅದರ ಕೊನೆಯಲ್ಲೊಂದು ಪಟ್ಟಿ. ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕಂತೆ. ಹೇಳಿದ್ದು ಶಾಲೆಗಳಿಗೆ. ಈ ಅಮ್ಮನ ಹತ್ತಿರ ಯಾರೂ ಲೆಕ್ಕ ಕೇಳಿಲ್ಲ. ನಾಳೆ 14 ತುಂಬಿದ ಮೇಲೆ ಓಪನ್ ಸ್ಕೂಲಿನಲ್ಲಿ ಹತ್ತನೇ ಪರೀಕ್ಷೆ ಕಟ್ಟಿದರೆ ಅಲ್ಲೂ ಕೇಳುವುದಿಲ್ಲ. ಆದರೂ ಅವರೇ ಕೂತು ಭಾಗಿಸಿದರು. ದಿನಕ್ಕೆ ನಾಲ್ಕು ಗಂಟೆ.

ಕಷ್ಟ ಶುರುವಾದದ್ದೇ ಅಲ್ಲಿ. ಒಂದೇ ಮಗು. ಹಾಜರಿ ಕರೆಯಲಿಕ್ಕಿಲ್ಲ, ಹಿಂದಿನ ಬೆಂಚಿಗೆ ಗದರಲಿಕ್ಕಿಲ್ಲ. ಗಣಿತ, ಕನ್ನಡ, ಇಂಗ್ಲಿಷ್ ಎಲ್ಲ ಒಂದೂವರೆ ಗಂಟೆಯಲ್ಲಿ ಖಾಲಿ. ಉಳಿದ ಎರಡೂವರೆ ಗಂಟೆಗೆ ಎಂತ ಬರೆಯುವುದು?

ಬದುಕನ್ನೇ ಬರೆಯುವುದು. ಚಪಾತಿ ಲಟ್ಟಿಸಿದರೆ ಜ್ಯಾಮಿಟ್ರಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ಬಸ್ಸಲ್ಲಿ ಹೋದರೆ ಭೂಗೋಳ. ಪಂಪ್‌ವೆಲ್ ಫ್ಲೈಓವರ್ ಕೆಳಗೆ ಟ್ರಾಫಿಕ್ಕಲ್ಲಿ ಸಿಕ್ಕಿಬಿದ್ದರೆ ಇತಿಹಾಸ. (ಆ ಫ್ಲೈಓವರ್ ಕಟ್ಟಿ ಮುಗಿಸಿದ ಆಮೆವೇಗ ಕಂಡವರು ಯಾರೂ ಇದಕ್ಕೆ ಆಕ್ಷೇಪ ಎತ್ತಲಾರರು.) ಮಧ್ಯಾಹ್ನದ ನಿದ್ದೆ ಮೊದಲು ಲೆಕ್ಕಕ್ಕಿರಲಿಲ್ಲ. ಅಪ್ಪ ಬೆಂಗಳೂರಿನಿಂದ ಅದಕ್ಕೊಂದು ಇಂಗ್ಲಿಷ್ ಹೆಸರು ತಂದರು, ಮೈಂಡ್‌ಫುಲ್‌ನೆಸ್. ಅಂದಿನಿಂದ 30 ನಿಮಿಷ. ಕಟಿಂಗ್ ಶಾಪಿನ ಬೆಂಚಲ್ಲಿ ಕಾದದ್ದರ ಬಗ್ಗೆ ಮಾತ್ರ ವಿಡಿಯೋ ಕಾಲ್‌ನಲ್ಲಿ ಗಂಡಹೆಂಡತಿಗೆ ದೊಡ್ಡ ಚರ್ಚೆಯಾಯಿತು. ನನ್ನನ್ನೂ ಕೂರಿಸಿದರು. ಕೊನೆಗೆ ತೀರ್ಪು: ಕಾದದ್ದು ಲೆಕ್ಕಕ್ಕಿಲ್ಲ, ಕಾಯುವಾಗ ಪೇಪರ್ ಓದಿದ್ದು ಉಂಟು. ಸಿನೆಮಾ ಪುಟಕ್ಕೆ ಅರ್ಧ ಮಾರ್ಕು.

ಬಂಗುಡೆ ಮೀನಿನ ಪಾಠಕ್ಕೆ ನಾನೇ ಸಾಕ್ಷಿ. ಭಾನುವಾರ ಬೆಳಿಗ್ಗೆ, ಅಡುಗೆಮನೆ ನೆಲದಲ್ಲಿ ಮೆಟ್ಟುಗತ್ತಿ, ಪಕ್ಕದಲ್ಲಿ ಮೊಬೈಲಿನ ಟೈಮರ್. ಹುಡುಗ ಕುಕ್ಕರಗಾಲಲ್ಲಿ ಕೂತು ಕಿವಿರು ಕಿತ್ತ. ಹೊಟ್ಟೆ ಸೀಳಿದ. ಬಾಲ್ಕನಿ ಬಾಗಿಲಲ್ಲಿ ಬೆಕ್ಕು, ಒಂದು ದಿನವೂ ಗೈರಾಗದ ವಿದ್ಯಾರ್ಥಿ. ಅಮ್ಮ ಹೇಳಿಕೊಡುತ್ತಾ ಹೋದರು, ಇವನು ಹ್ಞೂಂ ಅನ್ನುತ್ತಾ ಹೋದ. ಟೈಮರ್ ಕಿರುಚಿತು. ಜೀವಶಾಸ್ತ್ರ, 45 ನಿಮಿಷ. ರಿಜಿಸ್ಟರ್ ಮುಚ್ಚಿತು. ಆಮೇಲೆ ಕೊನೆಯ ಬಂಗುಡೆಯ ಹೊಟ್ಟೆಯಿಂದ ಹಳದಿ ಮೊಟ್ಟೆಯ ಗಂಟು ಹೊರಬಂತು. ಹುಡುಗ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದ. "ಇದ್ರಲ್ಲಿ ಎಷ್ಟು ಮೀನು ಉಂಟು ಅಮ್ಮ?"

"ಕೈ ತೊಳಿ. ಕ್ಲಾಸ್ ಮುಗೀತು."

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನ ಮೀನಿಗೆ ಬಂಗಾರದ ರೇಟು. ಜೀವಶಾಸ್ತ್ರ ಹಿಂದೆ ಬಿತ್ತು. ತುಂಬಿಸಲಿಕ್ಕೆ ಹುಡುಗನನ್ನು ಉಡುಪಿ ಕಡೆಯ ಶಂಕರಪುರದ ಅಜ್ಜಿಮನೆಗೆ ಕರಕೊಂಡು ಹೋದರು. ಅಜ್ಜಿಗೆ ಮಲ್ಲಿಗೆ ಕೃಷಿ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ. ಮಳೆ ಜಾಸ್ತಿಯಾದರೆ ಹೂ ಕಡಿಮೆ. ಮದುವೆ ಸೀಸನ್, ನಾಗರಪಂಚಮಿ ಬಂದರೆ ರೇಟು ಆಕಾಶಕ್ಕೆ. ಮೊಮ್ಮಗ ಎರಡು ಗಂಟೆ ಪಕ್ಕದಲ್ಲಿ ಕೂತದ್ದಕ್ಕೆ ರಿಜಿಸ್ಟರಿನಲ್ಲಿ ಎಕನಾಮಿಕ್ಸ್ ಅಂತ ಬಿತ್ತು. ಅಜ್ಜಿ ನಾರು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದರಂತೆ, "ಅವನಿಗೆ ಎರಡು ಗಂಟೆ ಬರೆದೆ. ನನ್ನ ನಲವತ್ತು ವರ್ಷ ಎಲ್ಲಿ ಬರೀತೀ?"

ಅಜ್ಜಿಯ ಮಾತು ಕೇಳಿ ನನಗೆ ನಮ್ಮ ಮನೆಕೆಲಸದವರ ಮಗಳು ನೆನಪಾದಳು. ಅವಳಿಗೂ ಒಂಬತ್ತೇ. ಅವಳ ಅಜ್ಜಿ ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಲೆಗೆ ಎಷ್ಟು ಮುರಿದುಕೊಂಡರು, ಕೈಗೆಷ್ಟು ಬಂತು, ಈ ಹುಡುಗಿ ಬಾಯಲ್ಲೇ ಹೇಳುತ್ತಾಳೆ. ತಮ್ಮನಿಗೆ ಜ್ವರ ಬಂದಾಗ ಎರಡು ದಿನ ಮನೆಯಲ್ಲಿ ನಿಂತು ಗಂಜಿ ಬೇಯಿಸಿದಳು, ಹೊತ್ತುಹೊತ್ತಿಗೆ ಮದ್ದು ಕೊಟ್ಟಳು. ಮೂರನೇ ಮಹಡಿಯಲ್ಲಿ ಅಷ್ಟಾಗಿದ್ದರೆ ಹೋಮ್ ಸೈನ್ಸ್, ಹೆಲ್ತ್ ಸೈನ್ಸ್ ಸೇರಿ ಹತ್ತು ಗಂಟೆಗೆ ಮೋಸವಿಲ್ಲ. ಇವಳಿಗೂ ರಿಜಿಸ್ಟರಿನಲ್ಲಿ ಬಿತ್ತು, ಶಾಲೆಯ ರಿಜಿಸ್ಟರಿನಲ್ಲಿ. ಎರಡು ದಿನಕ್ಕೆ ಎರಡು 'ಎ', ಆಬ್ಸೆಂಟ್.

ನನ್ನ ಕೊಡುಗೆಯೂ ಉಂಟು, ಸುಳ್ಳು ಯಾಕೆ. ನನ್ನ ಜತೆ ಗುಳಿಗೆ ಕಾಯಿ ಎಣಿಸಿ ಹಾಕುವ ಚೆನ್ನೆಮಣೆ ಆಡಿದ್ದಕ್ಕೆ ಅವನಿಗೆ ಗಣಿತದಲ್ಲಿ 40 ನಿಮಿಷ ಸಿಕ್ಕಿತು. ಷರಾ ಕಾಲಮಿನಲ್ಲಿ 'ಸ್ಥಳೀಯ ತಜ್ಞರು' ಅಂತ ನನ್ನ ಹೆಸರು. ಆಟದಲ್ಲಿ ನಾನೇ ಸೋತದ್ದು. ಆ ಪುಟದ ಫೋಟೋ ತೆಗೆದು ದುಬೈಯಲ್ಲಿರುವ ಮಗನಿಗೆ ಕಳಿಸಿದ್ದೆ.

ಎಲ್ಲ ಸರಿ ನಡೆಯುತ್ತಿತ್ತು. ಜುಲೈಯಲ್ಲಿ ಒಂದು ರಾತ್ರಿ ರೆಡ್ ಅಲರ್ಟ್ ಬಂತು. ಊರಿನ ಮಕ್ಕಳೆಲ್ಲ ನಿದ್ದೆಗೆಟ್ಟು ಕಾಯುವ ಡಿಸಿ ಆದೇಶವೂ ಬಂತು. ಅಂಗನವಾಡಿಯಿಂದ ಪಿಯುಸಿವರೆಗೆ ನಾಳೆ ರಜೆ. ಬೆಳಿಗ್ಗೆ ಹುಡುಗ ಹಲ್ಲುಜ್ಜದೆ ಬಂದು ನಿಂತ. "ನಮಗೂ ರಜೆ ಅಲ್ವಾ?"

ಅಮ್ಮನಿಗೆ ಮಾತೇ ಹೊರಡಲಿಲ್ಲ. ಇಲ್ಲ ಅಂದರೆ ಇದು ಶಾಲೆಯೇ ಅಲ್ಲ ಅಂತಾಯಿತು. ಹೌದು ಅಂದರೆ ಇಡೀ ಮನೆಗೇ ರಜೆ. ಚಪಾತಿಯೂ ಪಾಠ, ನಿದ್ದೆಯೂ ಪಾಠ, ಚೆನ್ನೆಮಣೆಯೂ ಪಾಠ. ಮಗು ಉಸಿರಾಡುವುದೆಲ್ಲಿ? ಫೋನಿನಲ್ಲಿ ಇನ್‌ಸ್ಪೆಕ್ಟರ್ ಕೇಳಿದ್ದು ಒಂದೇ: "ಈ ನಾಲ್ಕು ಗಂಟೆ ಯಾವ ಶನಿವಾರ ತುಂಬಿಸ್ತೀ?"

ಇವರ ಮಾತು ಮುಗಿಯುವಾಗ ಹುಡುಗ ಮನೆಯಲ್ಲಿರಲಿಲ್ಲ. ನಾನೂ ಅವನಮ್ಮನೂ ಕೊಡೆ ಹಿಡಿದು ಹುಡುಕಿದೆವು. ಸಿಕ್ಕಿದ್ದು ಗಲ್ಲಿಯ ಕೊನೆಯಲ್ಲಿ, ಬಿಡಿಸಿದ ಅದೇ ಶಾಲೆಯ ಮೈದಾನದಲ್ಲಿ. ಹತ್ತಿಪ್ಪತ್ತು ಮಕ್ಕಳು ಗೇಟು ಹಾರಿ ಕೆಸರಲ್ಲಿ ಫುಟ್ಬಾಲ್ ಆಡುತ್ತಿದ್ದರು. ಇವನು ಗೋಲ್‌ಕೀಪರ್, ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಕೆಸರು. ಅಮ್ಮ ಬ್ಯಾಗಿಗೆ ಕೈ ಹಾಕಿದ್ದನ್ನು ಕಂಡು ಅಲ್ಲಿಂದಲೇ ಕೂಗಿದ.

"ಇದನ್ನು ಬರೀಬೇಡ ಅಮ್ಮಾ!"